ಹಾಡು ಉಳಿಯಿತು, ಹೆಸರು ಎಲ್ಲಿ?

ಕಳೆದ ಶ್ರಾವಣಮಾಸದಲ್ಲಿ ಧಾರವಾಡದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ನಾವು ಹೋಗಿದ್ದೆವು. ಮನೆಯ ಹಿರಿಯರು ನಿವೃತ್ತ ಶಿಕ್ಷಕರು; ಎಂಬತ್ತರ ಗಡಿಯನ್ನು ದಾಟಿದವರು. ಸಂಗೀತವೆಂದರೆ ಅವರಿಗೆ ಅನ್ನದಷ್ಟೇ ಅವಶ್ಯ. ಪಡಸಾಲೆಯ ಕಪಾಟಿನಲ್ಲಿ ಗ್ರಾಮೊಫೋನ್ ತಟ್ಟೆಗಳು, ಧ್ವನಿಸುರುಳಿಗಳು, ಸಿ.ಡಿ.ಗಳು ಸಾಲುಸಾಲಾಗಿ ಇದ್ದವು. ಮನೆಗೆ ಸುಣ್ಣಬಣ್ಣ ಮಾಡಿಸುವ ಸಲುವಾಗಿ ಆ ಕಪಾಟನ್ನು ತೆರವು ಮಾಡಬೇಕಾಗಿತ್ತು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ಅವೆಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡುವುದು ಲೇಸೆಂದು ಸೂಚಿಸಿದನು. ಅಷ್ಟಕ್ಕೇ ವಾದವು ಮೊದಲಾಯಿತು.

“ಅಜ್ಜಾ, ಇದರಾಗ ಇರೋದೆಲ್ಲಾ ಡೌನ್‌ಲೋಡ್ ಮಾಡಿದ್ರ ಬೆರಳಿನಷ್ಟು ಪೆನ್ ಡ್ರೈವಿನಾಗ ಹಿಡಿಸ್ತದ. ಧೂಳ ಕೂಡೂದಿಲ್ಲ, ಟೇಪು ಸಿಕ್ಕಾಗೂದಿಲ್ಲ” ಎಂದನು ಹುಡುಗ.

“ಹಿಡಿಸಬಹುದೋ ತಮ್ಮಾ. ಆದರ ಅದರಾಗ ನಮ್ಮಣ್ಣ ಇರೂದಿಲ್ಲ” ಎಂದರು ಹಿರಿಯರು.

ಪ್ರಸಾದಕ್ಕೆ ಬಂದಿದ್ದ ನೆರೆಯ ಸಂಗೀತ ಶಿಕ್ಷಕರು ಹಿರಿಯರ ಪಕ್ಷ ವಹಿಸಿದರು. ಮೊಮ್ಮಗನ ಗೆಳೆಯನೊಬ್ಬನು ಅವನ ಪಕ್ಷಕ್ಕೆ ನಿಂತನು. ಕೊನೆಗೆ ಎಲ್ಲರೂ ನಮ್ಮ ಕಡೆ ತಿರುಗಿ, “ಗುರುಗಳೆ, ನೀವೇ ನ್ಯಾಯಾ ಹೇಳ್ರಿ” ಎಂದರು. ಅಂದು ನಾವು ತೀರ್ಪು ಹೇಳಲಿಲ್ಲ. ವಿಚಾರ ಮಾಡಿ ಬರೆಯುವೆವೆಂದು ಹೇಳಿ ಬಂದೆವು. ಈ ತಿಂಗಳ ಅಂಕಣವು ಆ ಸಾಲದ ಸಂದಾಯವೆಂದು ವಾಚಕ ಬಂಧುಗಳು ತಿಳಿಯಬೇಕು.

ಹಾಡು ಒಂದು ಪಾತ್ರೆಯಿಂದ ಮತ್ತೊಂದು ಪಾತ್ರೆಗೆ ಸುರಿಯಲ್ಪಡುವುದು ಇದೇ ಮೊದಲೇನಲ್ಲ. 1887ರಲ್ಲಿ ಎಮಿಲ್ ಬರ್ಲಿನರ್ ಗ್ರಾಮೊಫೋನಿನ ಹಕ್ಕುಪತ್ರ ಪಡೆದನು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವು ತಟ್ಟೆಗೆ ಇಳಿಯಿತು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿ ಬಂದಾಗ ಹಲವು ಗಾಯಕರು ಸಂಗೀತಕ್ಕೆ ಕುತ್ತು ಬಂತೆಂದು ನೊಂದರು. 1948ರಲ್ಲಿ ಎಲ್.ಪಿ. ತಟ್ಟೆ ಬಂದು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮಿಗಿಲಾದ ಅವಕಾಶ ದೊರೆಯಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಧ್ವನಿಸುರುಳಿಯನ್ನು ಹೊರತಂದಿತು. ಅದು 1980ರ ದಶಕದಲ್ಲಿ ನಮ್ಮ ದೇಶದ ಹಳ್ಳಿಹಳ್ಳಿಗಳನ್ನು ಮುಟ್ಟಿತು. ದೊಡ್ಡ ಸಂಸ್ಥೆಗಳ ಕೃಪೆಗೆ ಕಾಯದೆ, ಸಣ್ಣಪುಟ್ಟ ವ್ಯಾಪಾರಿಗಳೂ ಭಜನೆ, ಲಾವಣಿ, ವಚನಗಾಯನಗಳನ್ನು ಮಾರತೊಡಗಿದರು. 1982ರಲ್ಲಿ ಸಿ.ಡಿ. ಬಂದಿತು. ಅದರ ಬೆನ್ನಿಗೆ, ಜರ್ಮನಿಯ ವಿಜ್ಞಾನಿಗಳು ರೂಪಿಸಿದ ಎಂಪಿ3 ಎಂಬ ಕಡತವು ಬಂದು, ಹಾಡಿಗೆ ತಟ್ಟೆಯೂ ಬೇಡ, ಸುರುಳಿಯೂ ಬೇಡ ಎಂಬಂತಾಯಿತು.

ಡೌನ್‌ಲೋಡಿನ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಅಲ್ಪವಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಧ್ವನಿಸುರುಳಿಗಳು ಬೂಷ್ಟು ಹಿಡಿದು ಹಾಳಾದುದನ್ನು ನಾವೇ ಕಂಡಿದ್ದೇವೆ. ಒಂದು ಹಾಡಿಗಾಗಿ ಇಡೀ ಸಿ.ಡಿ.ಯನ್ನು ಕೊಳ್ಳಬೇಕಾದ ಕಾಲವೊಂದಿತ್ತು. 2003ರಲ್ಲಿ ಆಪಲ್ ಸಂಸ್ಥೆಯು ಅಮೆರಿಕದಲ್ಲಿ ಒಂದೊಂದು ಹಾಡನ್ನೇ 99 ಸೆಂಟಿಗೆ ಮಾರತೊಡಗಿದಾಗ ಆ ಕಟ್ಟು ಸಡಿಲಿತು. ಪರದೇಶದಲ್ಲಿರುವ ಮಗಳು ತನ್ನ ತವರಿನಲ್ಲಿ ಕೇಳಿದ ಹಾಡನ್ನು ಕ್ಷಣಮಾತ್ರದಲ್ಲಿ ಪಡೆಯುವಳು. ಅಂಗಡಿಯಿಲ್ಲದ ಊರಿನವನೂ ಮಲ್ಲಿಕಾರ್ಜುನ ಮನ್ಸೂರರ ಕಂಠವನ್ನು ಕೇಳಬಲ್ಲನು. ಇದನ್ನು ಅಲ್ಲಗಳೆಯುವುದು ಸಲ್ಲದು.

ಸಂಗೀತ ಶಿಕ್ಷಕರ ಆಕ್ಷೇಪವು ನಾದದ ಬಗೆಗೆ ಇತ್ತು. ಎಂಪಿ3ಯಲ್ಲಿ ತಂಬೂರಿಯ ಝೇಂಕಾರವು ಮಂಕಾಗುವುದೆಂದು ಅವರು ಹೇಳಿದರು. ಇದರಲ್ಲಿ ಸತ್ಯಾಂಶವುಂಟು. ಸಿ.ಡಿ.ಯು ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸುತ್ತದೆ. ಸಾಧಾರಣ ಎಂಪಿ3 ಕಡತದಲ್ಲಿ ಆ ದಾಖಲೆಯ ಸುಮಾರು ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕಿವಿಯು ಗಮನಿಸಲಾರದೆಂದು ಎಣಿಸಿದ ಅಂಶಗಳನ್ನು ಅದು ಬಿಟ್ಟುಬಿಡುತ್ತದೆ. ಆದರೆ ಏನನ್ನೂ ಕಳೆಯದೆ ಅಡಕಿಸುವ ಫ್ಲ್ಯಾಕ್ ಎಂಬ ಕಡತವು 2001ರಿಂದಲೂ ಬಳಕೆಯಲ್ಲಿದೆ. ಆದುದರಿಂದ ಇದು ಡೌನ್‌ಲೋಡಿನ ದೋಷವಲ್ಲ, ಆರಿಸಿಕೊಂಡ ಕಡತದ ದೋಷ.

ಈ ವಾದದ ಅತಿ ಪ್ರಸಿದ್ಧ ಪ್ರಸಂಗವು ಇಂಗ್ಲೆಂಡಿನಲ್ಲಿ ನಡೆಯಿತು. ಅಲ್ಲಿಯ ರೇಡಿಯೋಹೆಡ್ ಎಂಬ ಗಾಯನತಂಡವು 2007ರ ಅಕ್ಟೋಬರ್ 10ರಂದು ‘ಇನ್ ರೇನ್‌ಬೋಸ್’ ಎಂಬ ಹಾಡುಗಳ ಗುಚ್ಛವನ್ನು ಡೌನ್‌ಲೋಡ್ ರೂಪದಲ್ಲಿ ಬಿಡುಗಡೆ ಮಾಡಿತು. ಬೆಲೆಯನ್ನು ಕೇಳುಗನೇ ಗೊತ್ತುಮಾಡಬೇಕು. ಏನೂ ಕೊಡದೆಯೂ ಪಡೆಯಬಹುದು! ಜೊತೆಗೆ, ತಟ್ಟೆ, ಸಿ.ಡಿ., ಚಿತ್ರಪುಸ್ತಿಕೆಗಳನ್ನೊಳಗೊಂಡ ಪೆಟ್ಟಿಗೆಯೊಂದನ್ನು 40 ಪೌಂಡಿಗೆ ಇರಿಸಿತು. ಡೌನ್‌ಲೋಡಿನ ನಾದ ಸಾಲದೆಂದು ಕೆಲವು ಅಭಿಮಾನಿಗಳು ಮುನಿದರು. ಅಂಗಡಿಯ ಹಂಗು ತೀರಿತೆಂದು ಕೆಲವರು ಹಿಗ್ಗಿದರು. ಆ ವರ್ಷ ಮುಗಿಯುವ ಹೊತ್ತಿಗೆ ಅದೇ ಹಾಡುಗಳ ಸಿ.ಡಿ.ಯು ಅಂಗಡಿಗಳಿಗೆ ಬಂದಾಗ ಬ್ರಿಟನ್ ಹಾಗೂ ಅಮೆರಿಕಗಳೆರಡರಲ್ಲಿಯೂ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಪುಕ್ಕಟೆ ದೊರೆತದ್ದನ್ನು ಜನರು ಹಣ ಕೊಟ್ಟು ಏಕೆ ಕೊಂಡರು?

ಈಚೆಗೆ ನಡೆದಿರುವುದೂ ಇಂತಹುದೇ. ಅಮೆರಿಕದಲ್ಲಿ ಸಂಗೀತದ ಆದಾಯದ ಬಹುಪಾಲು ಈಗ ಸ್ಟ್ರೀಮಿಂಗ್‌ನಿಂದ ಬರುತ್ತದೆ. ಆದರೂ 2022ರಲ್ಲಿ ಅಲ್ಲಿ ಸುಮಾರು 4 ಕೋಟಿ 10 ಲಕ್ಷ ಎಲ್.ಪಿ. ತಟ್ಟೆಗಳು ಮಾರಾಟವಾದವು. 1987ರ ತರುವಾಯ ಮೊದಲ ಬಾರಿಗೆ ಅವು ಸಿ.ಡಿ.ಗಳ ಸಂಖ್ಯೆಯನ್ನು ಮೀರಿದವು. ಸತ್ತಿತೆಂದು ಎಣಿಸಿದ ತಟ್ಟೆಯನ್ನು ಎತ್ತಿಕೊಂಡವರಲ್ಲಿ ತರುಣರೇ ಬಹಳ. ಕೈಯಲ್ಲಿ ಹಿಡಿಯತಕ್ಕ ವಸ್ತುವಿನ ಆಸೆ ಮನುಷ್ಯನನ್ನು ಬಿಡದೆಂಬುದಕ್ಕೆ ಇದು ಸಾಕ್ಷಿ.

ಆಸೆಯೊಂದೇ ಕಾರಣವಲ್ಲ, ಒಡೆತನದ ಪ್ರಶ್ನೆಯೂ ಉಂಟು. ಡೌನ್‌ಲೋಡ್ ಎಂದರೆ ಕೊಡದಲ್ಲಿ ತುಂಬಿ ತಂದ ನೀರು; ಸ್ಟ್ರೀಮಿಂಗ್ ಎಂದರೆ ನಲ್ಲಿಯ ನೀರು. ನಲ್ಲಿ ನಿಂತ ದಿನ ಕೊಡ ತುಂಬಿಟ್ಟವನಿಗೆ ಮಾತ್ರ ನೀರು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು 2012ರಲ್ಲಿ ‘ಫ್ಲೈಟ್’ ಎಂಬ ಹೆಸರಿನ ಡೌನ್‌ಲೋಡ್ ಅಂಗಡಿಯನ್ನು ತೆರೆದು, ಮರುವರ್ಷವೇ ಮುಚ್ಚಿತು. ಕಡತಗಳನ್ನು ಇಳಿಸಿ ಮನೆಯಲ್ಲಿ ಇಟ್ಟುಕೊಂಡವರ ಹಾಡುಗಳು ಉಳಿದವು. ಇನ್ನೊಂದು ತೊಡಕೂ ಇದೆ. ತಟ್ಟೆಯನ್ನು ಕೊಂಡವನು ಅದನ್ನು ಮಾರಬಹುದು, ಮಗನಿಗೆ ಕೊಡಬಹುದು. ಕೊಂಡ ಕಡತವನ್ನು ಹಾಗೆ ಮಾರಬಹುದೇ? ರೆಡಿಜಿ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2018ರಲ್ಲಿ ಇಲ್ಲವೆಂದಿತು. ಕಡತವು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಪ್ರತಿಯೇ ಹುಟ್ಟುವುದರಿಂದ ಅದು ಹಕ್ಕಿನ ಉಲ್ಲಂಘನೆ ಎಂಬುದು ತೀರ್ಪಿನ ತಿರುಳು.

ಹಾಗಾದರೆ ವಸ್ತುವೇ ಶಾಶ್ವತವೇ? ಅದೂ ಅಲ್ಲ. 2008ರಲ್ಲಿ ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದಲ್ಲಿ ಹತ್ತಿದ ಬೆಂಕಿಗೆ ಮೂಲ ಧ್ವನಿಸುರುಳಿಗಳು ಆಹುತಿಯಾದವು. ಇತ್ತ, ಮೈಸ್ಪೇಸ್ ಎಂಬ ತಾಣದಲ್ಲಿ 2003ರಿಂದ 2015ರವರೆಗೆ ಜನರು ಇರಿಸಿದ್ದ ಹಾಡುಗಳು ಯಂತ್ರ ಬದಲಿಸುವ ಕೆಲಸದಲ್ಲಿ ಅಳಿದುಹೋದುವೆಂಬ ಸಂಗತಿ 2019ರಲ್ಲಿ ಹೊರಬಿದ್ದಿತು. ಒಂದನ್ನು ಅಗ್ನಿ ನುಂಗಿತು, ಇನ್ನೊಂದನ್ನು ಅಜಾಗ್ರತೆ ನುಂಗಿತು. ಪಾತ್ರೆ ಯಾವುದಾದರೇನು, ಕಾಯುವವನಿಲ್ಲದಿದ್ದರೆ ಒಳಗಿನದು ಉಳಿಯದು.

ಇನ್ನು ಹಿರಿಯರ ಮಾತಿಗೆ ಬರೋಣ. “ಅದರಾಗ ನಮ್ಮಣ್ಣ ಇರೂದಿಲ್ಲ” ಎಂದು ಅವರು ಹೇಳಿದ್ದರ ಅರ್ಥವು ನಮಗೆ ಮೊದಲು ಹೊಳೆದಿರಲಿಲ್ಲ. ವಾದ ಮುಗಿಯುವ ಹೊತ್ತಿಗೆ ಅವರು ಎದ್ದು ಕಪಾಟಿನಿಂದ ಧ್ವನಿಸುರುಳಿಯೊಂದನ್ನು ತಂದು ನಮ್ಮ ಕೈಯಲ್ಲಿಟ್ಟರು. ಅದು ಮೂವತ್ತು ವರ್ಷಗಳಾಚೆಗಿನ ವಚನಗಾಯನದ ಸುರುಳಿ. ಒಳಗಿನ ಕಾಗದದ ಮಡಿಕೆಯಲ್ಲಿ, ಹಾಡಿದವರ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಹಾರ್ಮೋನಿಯಂ, ತಬಲಾ, ಕೊಳಲು ನುಡಿಸಿದವರ ಹೆಸರುಗಳಿದ್ದವು. ಹಾರ್ಮೋನಿಯಂ ನುಡಿಸಿದವರು ಅವರ ಅಣ್ಣನವರು. ತೀರಿಕೊಂಡು ಹನ್ನೆರಡು ವರ್ಷಗಳಾದವು. ಅವರ ಹೆಸರು ಅಚ್ಚಾದದ್ದು ಬಾಳಿನಲ್ಲಿ ಅದೊಂದೇ ಕಡೆ.

ಮೊಮ್ಮಗನು ಅದೇ ಗಾಯನವನ್ನು ತನ್ನ ಫೋನಿನಲ್ಲಿ ಹುಡುಕಿ ತೆಗೆದನು. ಹಾಡು ಸ್ವಚ್ಛವಾಗಿ ಕೇಳಿಬಂತು. ಸುರುಳಿಯಲ್ಲಿದ್ದ ಕರಕರ ಸದ್ದೂ ಇರಲಿಲ್ಲ. ಹಾಡಿದವರ ಹೆಸರಿತ್ತು, ಮಾರುವವರ ಹೆಸರಿತ್ತು. ಉಳಿದ ಮೂವರ ಹೆಸರಿಗೆ ಎಡೆಯೇ ಇರಲಿಲ್ಲ. ಹಿರಿಯರು ಕಣ್ಣು ಮುಚ್ಚಿ ಕೇಳುತ್ತ, “ಬೆರಳು ಅಣ್ಣಂದು. ಹೆಸರು ಎಲ್ಲೈತೋ?” ಎಂದರು. ಹುಡುಗನು ಉತ್ತರ ಹೇಳಲಿಲ್ಲ.

ನಮಗೆ ಆಗ ನಮ್ಮ ವಿದ್ಯಾರ್ಥಿದೆಸೆ ನೆನಪಾಯಿತು. ಮಠದಲ್ಲಿ ನಾವು ಓಲೆಗರಿಗಳನ್ನು ಕಾಗದಕ್ಕೆ ಪ್ರತಿಮಾಡುತ್ತಿದ್ದಾಗ ಕೊನೆಯ ಗರಿಯನ್ನು ಎಲ್ಲಕ್ಕಿಂತ ಮೊದಲು ನೋಡೆಂದು ಗುರುಗಳು ಹೇಳುತ್ತಿದ್ದರು. ಬರೆದವನ ಹೆಸರು, ಊರು, ಸಂವತ್ಸರ ಇರುತ್ತಿದ್ದುದು ಅಲ್ಲಿ. ಆ ಗರಿ ಮುರಿದುಹೋದ ಕಟ್ಟುಗಳಲ್ಲಿ ಕೃತಿ ಉಳಿದಿರುತ್ತಿತ್ತು, ಪ್ರತಿಕಾರನು ಅನಾಮಿಕನಾಗಿರುತ್ತಿದ್ದನು. ವಚನಗಳ ಮಾತು ಬೇರೆ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುಗಳ ಗುಹೇಶ್ವರ, ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ವಚನದ ಒಡಲಿನಲ್ಲಿಯೇ ಬೆರೆತಿವೆ. ಬಾಯಿಂದ ಓಲೆಗೆ, ಓಲೆಯಿಂದ ಅಚ್ಚಿಗೆ, ಅಚ್ಚಿನಿಂದ ಧ್ವನಿಸುರುಳಿಗೆ ಹೋದರೂ ಅದು ಯಾರ ವಚನವೆಂದು ತಿಳಿಯುವುದಕ್ಕೆ ಆ ಅಂಕಿತವೇ ಆಧಾರ. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದ ಮೇಲೆಯೂ ವಿದ್ವಾಂಸರು ಓಲೆಗರಿಗಳನ್ನು ಹೊರಗೆಸೆಯಲಿಲ್ಲ. ಪಾಠವನ್ನು ಒರೆಗೆ ಹಚ್ಚಲು ಮತ್ತೆ ಮತ್ತೆ ಅವುಗಳ ಬಳಿಗೇ ಹೋದರು.

ಗೌಹರ್ ಜಾನ್ ಅವರ ಬುದ್ಧಿವಂತಿಕೆಯನ್ನು ನೋಡಿರಿ. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ದೂರದ ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುದರಿಂದ ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲು ಅದು ಅವಶ್ಯವಾಗಿತ್ತು. ನೂರಿಪ್ಪತ್ತು ವರ್ಷಗಳ ತರುವಾಯ, ಆ ನಾದವು ಯಾವ ಕಡತಕ್ಕೆ ಇಳಿದರೂ ಹೆಸರು ಜೊತೆಗೇ ಬರುತ್ತದೆ. ಅದೂ ಒಂದು ಅಂಕಿತವೇ ಅಲ್ಲವೆ? ಪಕ್ಕದಲ್ಲಿ ಕುಳಿತು ನುಡಿಸಿದವರಿಗೆ ಅಂತಹ ಅವಕಾಶವಿರಲಿಲ್ಲ. ಅವರ ಪಾಲಿಗೆ ಲಕೋಟೆಯ ಮೇಲಿನ ಸಣ್ಣ ಅಕ್ಷರವೇ ಅಂಕಿತ.

ಆದುದರಿಂದ ನಮ್ಮ ತೀರ್ಪು ಇದು. ಡೌನ್‌ಲೋಡು ತಪ್ಪಲ್ಲ, ಹೆಸರನ್ನು ಬಿಟ್ಟು ಹಾಡನ್ನು ಮಾತ್ರ ಒಯ್ಯುವುದು ತಪ್ಪು. ಯಂತ್ರದ ಮೇಲೆ ಹೊಣೆ ಹೊರಿಸುವಂತೆಯೂ ಇಲ್ಲ. ಎಂಪಿ3 ಕಡತದೊಳಗೆ ಹೆಸರು, ವರ್ಷ, ಟಿಪ್ಪಣಿಗಳನ್ನು ಬರೆದಿಡುವ ಏರ್ಪಾಡು 1996ರಿಂದಲೇ ಇದೆ. ಬರೆಯುವ ಶ್ರದ್ಧೆ ನಮ್ಮದಾಗಬೇಕು.

ಮನೆಮಂದಿಗೆ ನಾವು ಹೇಳುವುದಿಷ್ಟು. ಹಳೆಯ ಧ್ವನಿಸುರುಳಿಗಳನ್ನು ಕಡತಕ್ಕೆ ಇಳಿಸುವ ಮುನ್ನ ಒಳಗಿನ ಕಾಗದವನ್ನು ಓದಿ, ಅದರಲ್ಲಿರುವ ಎಲ್ಲ ಹೆಸರುಗಳನ್ನೂ ಕಡತದಲ್ಲಿ ಬರೆಯಿರಿ; ಕಾಗದದ ಚಿತ್ರವನ್ನೂ ತೆಗೆದಿಡಿರಿ. ಕಾಗದ ಕಳೆದಿದ್ದರೆ ಕಂಠ ಗುರುತಿಸಬಲ್ಲ ಹಿರಿಯರನ್ನು ಕೇಳಿರಿ. ಅವರು ಸದಾ ಇರುವವರಲ್ಲ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳಲ್ಲಿರಲಿ. ಹೊಸದಾಗಿ ಧ್ವನಿಮುದ್ರಣ ಮಾಡಿಸುವ ಭಜನಾ ಮಂಡಳಿಗಳು ತಾಳ ಹಾಕಿದವರ ಹೆಸರನ್ನೂ ಬಿಡದೆ ಕೊಡಲಿ. ತಟ್ಟೆಯಾಗಲಿ ಕಡತವಾಗಲಿ, ಬೆಲೆ ಕೊಟ್ಟು ಪಡೆಯಿರಿ. ಹಾಡಿದವರ ಮನೆಯಲ್ಲಿಯೂ ಒಲೆ ಉರಿಯಬೇಕಷ್ಟೆ.

ಮೊನ್ನೆ ಹಿರಿಯರು ದೂರವಾಣಿಯಲ್ಲಿ ಮಾತನಾಡಿದರು. ಕಪಾಟಿನಲ್ಲಿ ಅರ್ಧಭಾಗ, ಅಂದರೆ ಎಲ್ಲೆಡೆ ದೊರೆಯುವಂತಹವು, ನೆರೆಯ ಶಿಕ್ಷಕರ ಸಂಗೀತಶಾಲೆಗೆ ಹೋಗಿವೆಯಂತೆ. ಉಳಿದವು ಮನೆಯಲ್ಲಿಯೇ ಇವೆ. ಮೊಮ್ಮಗನು ನಾಲ್ಕು ದಿನ ರಜೆ ಹೆಚ್ಚಿಸಿಕೊಂಡು, ಅಜ್ಜನು ಭೂತಗನ್ನಡಿ ಹಿಡಿದು ಓದಿದ ಹೆಸರುಗಳನ್ನು ಒಂದೊಂದಾಗಿ ಕಡತಗಳಲ್ಲಿ ಸೇರಿಸಿದನಂತೆ. ಆ ವಚನಗಾಯನವನ್ನು ಮಾರುವ ಸಂಸ್ಥೆಗೂ ಪತ್ರ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಮತ್ತೊಮ್ಮೆ ಬರೆಯುವನೆಂದು ಹಿರಿಯರು ಹೇಳಿದರು. ವಾಚಕ ಬಂಧುಗಳ ಮನೆಯಲ್ಲಿಯೂ ಇಂತಹ ಪೆಟ್ಟಿಗೆಯೊಂದಿದ್ದರೆ ಈ ತಿಂಗಳು ತೆರೆದು ನೋಡಬೇಕೆಂದು ನಮ್ಮ ವಿನಂತಿ.