ಬೈಸಿಕಲ್ಲಿನ ಕಳವೂ ಕಾಣದ ಕಾವಲುಗಾರನೂ

ಹೋಟೆಲಿನ ಒಲೆ ಹೊತ್ತುವುದು ನಸುಕಿನ ನಾಲ್ಕು ಗಂಟೆಗೆ. ಆ ಹೊತ್ತಿನಲ್ಲಿ ಬಸ್ಸು ದೊರೆಯುವುದು ದುರ್ಲಭ. ರಿಕ್ಷಾಕ್ಕೆ ತೆರುವ ಹಣ ದಿನದ ಗಳಿಕೆಯಲ್ಲಿ ಸಣ್ಣ ಪಾಲಲ್ಲ. ಆದುದರಿಂದ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿರುವ ನಮ್ಮ ಅನೇಕ ಅಡುಗೆಯವರಿಗೂ ಮಾಣಿಗಳಿಗೂ ಬೈಸಿಕಲ್ಲೆಂಬುದು ಶೋಕಿಯ ವಸ್ತುವಲ್ಲ, ಉದ್ಯೋಗದ ಉಪಕರಣ. 2011ರ ಜನಗಣತಿಯಂತೆ ನಮ್ಮ ದೇಶದ ನೂರು ಕುಟುಂಬಗಳಲ್ಲಿ ಸುಮಾರು 45ರ ಬಳಿ ಬೈಸಿಕಲ್ಲು ಇದ್ದಿತು. ಹೀಗಿದ್ದರೂ ಅದರ ಕಳವನ್ನು ನಾವು ಕಳವೆಂದೇ ಎಣಿಸುವುದಿಲ್ಲ. ಚಾಳಿನ ಮೆಟ್ಟಿಲ ಕೆಳಗಿಂದ ಗಾಡಿ ಮಾಯವಾದರೆ ಎರಡು ದಿನ ಹುಡುಕಿ, ಮೂರನೆಯ ದಿನ ಹಳೆಯದೊಂದನ್ನು ಕೊಳ್ಳಲು ಸಂಬಳದ ಮುಂಗಡ ಕೇಳುವುದೇ ವಾಡಿಕೆ.

ಈಚಿನ ವರ್ಷಗಳಲ್ಲಿ ಈ ಪಿಡುಗಿಗೆ ವಿಜ್ಞಾನವು ಒಂದು ಪರಿಹಾರವನ್ನು ಮುಂದಿಟ್ಟಿದೆ. ಸೆನ್ಸರ್ ಎಂದು ಜನ ಕರೆಯುವ ಪುಟ್ಟ ಸಂವೇದಕವನ್ನು ಗಾಡಿಯಲ್ಲಿ ಅಡಗಿಸಿಟ್ಟರೆ ಅದು ತಾನಿರುವ ಎಡೆಯನ್ನು, ತನ್ನನ್ನು ಯಾರಾದರೂ ಅಲುಗಿಸಿದುದನ್ನು ಒಡೆಯನಿಗೆ ತಿಳಿಸುತ್ತದೆ. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಉಪಗ್ರಹದ ನೆರವಿನಿಂದ ಸ್ಥಳವನ್ನರಿತು ಸಿಮ್ ಕಾರ್ಡಿನ ಮೂಲಕ ಸುದ್ದಿ ಕಳುಹಿಸುವುದು ಒಂದು. ಇದಕ್ಕೆ ಸಿಮ್ಮಿನ ಖರ್ಚು ಉಂಟು, ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಎರಡನೆಯದು ಬ್ಲೂಟೂತ್ ಬಿಲ್ಲೆ. ಆಪಲ್ ಕಂಪೆನಿಯ ಏರ್‌ಟ್ಯಾಗ್ 2021ರ ಏಪ್ರಿಲಿನಲ್ಲಿ ಹೊರಬಂದಾಗ ನಮ್ಮ ದೇಶದಲ್ಲಿ ಅದರ ಬೆಲೆ 3,190 ರೂಪಾಯಿ. ನಮ್ಮ ಓದುಗರಲ್ಲಿ ಹಲವರ ಬೈಸಿಕಲ್ಲಿಗೇ ಅಷ್ಟು ಬೆಲೆ ಬಾರದು! ಈ ಬಿಲ್ಲೆಗೆ ಸ್ವತಃ ದಿಕ್ಕು ತಿಳಿಯದು. ದಾರಿಹೋಕರ ಜೇಬಿನಲ್ಲಿರುವ ಫೋನುಗಳು ಅದರ ಕ್ಷೀಣ ಧ್ವನಿಯನ್ನು ಕೇಳಿ, ಇಂಥಲ್ಲಿದೆ ಎಂದು ವರದಿ ಮಾಡುತ್ತವೆ. ಹೆಂಗಸರನ್ನು ಗುಟ್ಟಾಗಿ ಹಿಂಬಾಲಿಸಲು ಅದನ್ನು ದುರುಪಯೋಗಪಡಿಸಿಕೊಂಡವರೂ ಉಂಟು. ಅಂಥ ಕೃತ್ಯವನ್ನು ತಡೆಯಲು, ಒಡೆಯನಲ್ಲದವನೊಡನೆ ಬಹುಕಾಲ ಸಂಚರಿಸಿದ ಬಿಲ್ಲೆಯ ಇರವನ್ನು ಆ ಮನುಷ್ಯನ ಫೋನಿಗೇ ತಿಳಿಸುವ ಏರ್ಪಾಡಿದೆ. ಏರ್ಪಾಡು ನ್ಯಾಯವಾದುದೇ ಸರಿ. ಆದರೆ ಅದರಿಂದ ಕಳ್ಳನಿಗೂ ಎಚ್ಚರಿಕೆ ತಲುಪುತ್ತದೆ.

ಮೂರನೆಯದು ನಮ್ಮ ಗಮನವನ್ನು ವಿಶೇಷವಾಗಿ ಸೆಳೆದಿದೆ. ಲೋರಾ ಎಂಬ ರೇಡಿಯೋ ವಿಧಾನದಲ್ಲಿ ಅತ್ಯಲ್ಪ ವಿದ್ಯುತ್ತಿನಿಂದ ನಗರದೊಳಗೂ ಒಂದೆರಡು ಕಿಲೋಮೀಟರು ದೂರಕ್ಕೆ ಚುಟುಕು ಸಂದೇಶ ಕಳುಹಿಸಬಹುದು. ಮಿತವಾಗಿ ಬಳಸಿದರೆ ಒಂದು ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಎತ್ತರದ ಮಾಳಿಗೆಯೊಂದರಲ್ಲಿ ಸಂದೇಶವನ್ನು ಹಿಡಿಯುವ ಒಂದು ಪೆಟ್ಟಿಗೆಯಿದ್ದರೆ ಸುತ್ತಲ ಬೀದಿಗಳ ನೂರಾರು ಗಾಡಿಗಳಿಗೆ ಅದೊಂದೇ ಸಾಕಾದೀತು. 2015ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಕೆಲವು ಉತ್ಸಾಹಿಗಳು ಸರಕಾರದ ಅಪ್ಪಣೆಗಾಗಲಿ ದೂರವಾಣಿ ಕಂಪೆನಿಗಳಿಗಾಗಲಿ ಕಾಯದೆ, ಹತ್ತು ಪೆಟ್ಟಿಗೆಗಳನ್ನು ಅಲ್ಲಲ್ಲಿ ಇರಿಸಿ, ಕೆಲವೇ ವಾರಗಳಲ್ಲಿ ನಗರವನ್ನೆಲ್ಲ ಆವರಿಸುವ ಸಾರ್ವಜನಿಕ ಜಾಲವನ್ನು ಕಟ್ಟಿದರು. ಜನಸಂಖ್ಯೆಗಿಂತ ಬೈಸಿಕಲ್ಲುಗಳ ಸಂಖ್ಯೆಯೇ ಹೆಚ್ಚಾಗಿರುವ ದೇಶವದು. ಜಾಲವು ಯಾವ ವ್ಯಾಪಾರಿಯ ಸೊತ್ತೂ ಆಗಿರಲಿಲ್ಲ ಎಂಬುದೇ ಅದರ ಹೆಚ್ಚಳ. ಅದೇ ನಗರದ ವ್ಯಾನ್‌ಮೂಫ್ ಕಂಪೆನಿ, ಪತ್ತೆಯಂತ್ರವನ್ನು ಒಡಲಲ್ಲೇ ಇಟ್ಟುಕೊಂಡ ದುಬಾರಿ ಬೈಸಿಕಲ್ಲುಗಳನ್ನು ಮಾರಿ, ಕಳುವಾದುದನ್ನು ತಾನೇ ಹುಡುಕಿಸುವ ಭರವಸೆಯನ್ನೂ ಕೊಟ್ಟಿದ್ದಿತು. 2023ರ ಜುಲೈಯಲ್ಲಿ ಅದು ದಿವಾಳಿಯೆದ್ದಾಗ, ಕಂಪೆನಿಯ ಯಂತ್ರಾಗಾರ ನಿಂತುಹೋದರೆ ತಮ್ಮ ಗಾಡಿಯ ಬೀಗವಾದರೂ ತೆರೆದೀತೇ ಎಂದು ಕೊಂಡವರು ಕಳವಳಿಸಬೇಕಾಯಿತು. ಬೇರೊಂದು ಕಂಪೆನಿ ಅದನ್ನು ಕೊಂಡುದರಿಂದ ಅನರ್ಥ ತಪ್ಪಿತು.

ಹಾಗಾದರೆ ನಮ್ಮ ಚಾಳುಗಳಲ್ಲಿಯೂ ಇಂಥ ಪೆಟ್ಟಿಗೆಯೊಂದನ್ನು ಚಂದಾ ಎತ್ತಿ ಇರಿಸಬಾರದೇಕೆ? ಇಂಥ ಸಾಧನಗಳಿಗೆ ಬೇಕಾದ ರೇಡಿಯೋ ಅಲೆಗಳನ್ನು ಲೈಸೆನ್ಸಿಲ್ಲದೆ ಬಳಸಲು ಭಾರತದಲ್ಲಿಯೂ ಅವಕಾಶವಿದೆ. ಆದರೆ ತೊಡಕಿರುವುದು ಯಂತ್ರದಲ್ಲಿ ಅಲ್ಲ. ಗಾಡಿ ಇಂಥ ಗಲ್ಲಿಯಲ್ಲಿದೆ ಎಂದು ಯಂತ್ರ ಹೇಳಬಹುದು. ಯಾರ ಖೋಲಿಯಲ್ಲಿದೆ, ಎಷ್ಟನೆಯ ಮಾಳಿಗೆಯಲ್ಲಿದೆ ಎಂಬುದನ್ನು ಹೇಳಲಾರದು. ಅಲ್ಲಿಗೆ ಹೋಗಿ ಬಾಗಿಲು ತಟ್ಟುವ ಅಧಿಕಾರ ಪೋಲೀಸರದು. ನಾಲ್ಕು ಜನ ಗೆಳೆಯರು ತಾವೇ ನುಗ್ಗಿ ಹುಡುಕತೊಡಗಿದರೆ ಕಳವಿನ ಮೊಕದ್ದಮೆ ಹೊಡೆದಾಟದ ಮೊಕದ್ದಮೆಯಾಗಿ ತಿರುಗಲು ತಡವಾಗದು. ಪರನಾಡಿನಲ್ಲಿ ದುಡಿಯುವವನಿಗೆ ಅದರ ಫಲ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪೋಲೀಸರ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಪ್ರಥಮ ಬಾರಿಗೆ ಶಿಕ್ಷೆಗೆ ಗುರಿಯಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಹಸಿವಿನಿಂದ ಕದ್ದವನನ್ನು ಸೆರೆಮನೆಗೆ ನೂಕದಿರುವ ಈ ನೀತಿಯನ್ನು ನಾವು ಒಪ್ಪುತ್ತೇವೆ. ಆದರೆ ಅದರ ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಇಂಥ ಕಳವನ್ನು ಅಸಂಜ್ಞೇಯ ಅಪರಾಧವೆಂದು ಗಣಿಸಿದೆ. ಎಂದರೆ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಪೋಲೀಸರು ತನಿಖೆ ನಡೆಸುವಂತಿಲ್ಲ. ಹಳೆಯ ದಂಡಸಂಹಿತೆಯ 379ನೆಯ ಕಲಮಿನಲ್ಲಿ ಬೆಲೆಯ ಈ ಭೇದವಿರಲಿಲ್ಲ. ನಲವತ್ತು ಸಾವಿರದ ಗೇರು ಸೈಕಲ್ಲು ಕಳೆದುಕೊಂಡವನ ದೂರಿಗೆ ತನಿಖೆಯುಂಟು. ಮೂರು ಸಾವಿರದ ಹಳೆಯ ಗಾಡಿಯನ್ನೇ ನೆಚ್ಚಿದ ಮಾಣಿ ಮೊದಲು ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು. ಫೋನಿನ ನಕ್ಷೆಯಲ್ಲಿ ತನ್ನ ಗಾಡಿ ಮಿನುಗುತ್ತಿರುವುದನ್ನು ಅವನು ನೋಡುತ್ತ ಕೂಡಬಹುದು, ಅಷ್ಟೆ. ಬಡವನ ವಸ್ತುವಿನ ಬೆಲೆಯನ್ನು ಪೇಟೆಯ ದರದಿಂದ ಅಳೆದುದೇ ಇಲ್ಲಿ ಆಗಿರುವ ಪ್ರಮಾದವೆಂದು ನಮ್ಮ ಅಭಿಪ್ರಾಯ.

ಕಳವನ್ನು ಹಿಡಿಯುವುದಕ್ಕಿಂತ ತಡೆಯುವುದೇ ಮೇಲು ಎನ್ನುವವರು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಪ್ರಯೋಗವೊಂದನ್ನು ನೋಡಬೇಕು. ಅಲ್ಲಿ ಬೈಸಿಕಲ್ಲು ನಿಲ್ಲಿಸುವ ಮೂರು ತಾಣಗಳಲ್ಲಿ ದಿಟ್ಟಿಸಿ ನೋಡುವ ಎರಡು ಕಣ್ಣುಗಳ ಚಿತ್ರವನ್ನೂ ಕಳ್ಳರಿಗೊಂದು ಎಚ್ಚರಿಕೆಯ ಮಾತನ್ನೂ ತೂಗುಹಾಕಿದರು. ಆ ತಾಣಗಳಲ್ಲಿ ಕಳವು ಶೇಕಡಾ 62ರಷ್ಟು ಇಳಿಯಿತು. ಬರಿಯ ಕಾಗದ ಮಾಡಿದ ಕೆಲಸವಿದು! ಆದರೆ ಚಿತ್ರವಿಲ್ಲದ ಉಳಿದ ತಾಣಗಳಲ್ಲಿ ಕಳವು ಶೇಕಡಾ 65ರಷ್ಟು ಏರಿತು. ಕಳ್ಳ ಸಾಧುವಾಗಲಿಲ್ಲ, ಸ್ಥಳ ಬದಲಿಸಿದನು. ನಮ್ಮಲ್ಲಿಯೂ ಒಂದು ಚಾಳು ಸಂವೇದಕಗಳನ್ನು ಕೂಡಿಸಿ ಮಗ್ಗುಲಿನ ಚಾಳು ಸುಮ್ಮನಿದ್ದರೆ ಆಗುವುದೂ ಇದೇ. ಬೀದಿಯ ಜನವೆಲ್ಲ, ಕನ್ನಡಿಗರೂ ಮರಾಠಿಗರೂ ತೆಲುಗರೂ ಉತ್ತರದವರೂ, ಒಟ್ಟಾಗಿ ಮಾಡಿದರೆ ಮಾತ್ರ ಖರ್ಚಿಗೆ ಅರ್ಥ ಬಂದೀತು.

ಮತ್ತೊಂದು ಸಂದೇಹವನ್ನೂ ಮುಚ್ಚಿಡಲಾರೆವು. ಗಾಡಿ ಎಲ್ಲಿದೆ ಎಂಬುದು ತಿಳಿದರೆ ಅದರ ಸವಾರ ಎಲ್ಲಿದ್ದಾನೆ ಎಂಬುದೂ ತಿಳಿಯುತ್ತದೆ. ಹೋಟೆಲಿನ ಯಜಮಾನರು ಔದಾರ್ಯದಿಂದ ಎಲ್ಲರ ಗಾಡಿಗೂ ಬಿಲ್ಲೆ ಕೊಡಿಸಿ, ನೋಡುವ ಫೋನನ್ನು ಗಲ್ಲೆಯ ಮೇಲೆ ಇಟ್ಟುಕೊಂಡರೆ, ರಜೆಯ ದಿನ ಯಾರು ಯಾವ ಹೋಟೆಲಿಗೆ ಕೆಲಸ ಕೇಳಲು ಹೋದರೆಂಬುದು ಸಂಜೆಯೊಳಗೆ ಅವರಿಗೆ ಗೊತ್ತಾಗುತ್ತದೆ. ಬಿಲ್ಲೆಯ ಹಣ ಯಾರದಾದರೂ ಆಗಲಿ, ನೋಡುವ ಹಕ್ಕು ಗಾಡಿಯವನಿಗೆ ಮಾತ್ರ ಇರತಕ್ಕದ್ದು. ಚಾಳಿನ ಪೆಟ್ಟಿಗೆಯ ಲೆಕ್ಕವನ್ನು ಅಲ್ಲಿಯ ನಿವಾಸಿಗಳೇ ಆರಿಸಿದ ಇಬ್ಬರು ಮೂವರು ನೋಡಿಕೊಳ್ಳಲಿ. ಅದು ಗಾಡಿ ಅಲುಗಿದ ಸುದ್ದಿಯನ್ನಷ್ಟೇ ಕೊಡಲಿ, ದಿನದ ಓಡಾಟವನ್ನು ಬರೆದಿಡಕೂಡದು.

ಅಷ್ಟರವರೆಗೆ ಖರ್ಚಿಲ್ಲದ ಕೆಲಸವೊಂದಿದೆ. ಜಪಾನಿನಲ್ಲಿ 1994ರಿಂದ ಬೈಸಿಕಲ್ಲುಗಳ ನೋಂದಣಿ ಕಡ್ಡಾಯ. ನಮ್ಮ ಊರುಗಳಲ್ಲಿಯೂ ಹಿಂದೆ ಪುರಸಭೆಗಳು ತೆರಿಗೆ ವಸೂಲು ಮಾಡಿ ಬಿಲ್ಲೆ ಕೊಡುತ್ತಿದ್ದುವು. ಇಂದು ಮೋಟಾರುಗಾಡಿಗಿರುವ ನೋಂದಣಿ ಬೈಸಿಕಲ್ಲಿಗೆ ಇಲ್ಲ. ಸರಕಾರ ಮಾಡದಿದ್ದುದನ್ನು ನಮ್ಮ ಕನ್ನಡ ಸಂಘಗಳು ಒಂದು ನೋಟುಬುಕ್ಕಿನಲ್ಲಿ ಮಾಡಬಹುದು. ಗಾಡಿಯನ್ನು ತಲೆಕೆಳಗು ಮಾಡಿದರೆ ಪೆಡಲಿನ ಅಚ್ಚಿನ ಅಡಿಯಲ್ಲಿಯೋ, ಸೀಟಿನ ಕೆಳಗಿನ ಕೊಳವೆಯ ಮೇಲೆಯೋ ಸಾಮಾನ್ಯವಾಗಿ ಕೆತ್ತಿದ ಸಂಖ್ಯೆಯೊಂದಿರುತ್ತದೆ. ಅದನ್ನೂ ಗಾಡಿಯ ಚಿತ್ರವನ್ನೂ ಕೊಂಡ ರಸೀತಿಯನ್ನೂ ಒಟ್ಟಿಗೆ ಇರಿಸಿಕೊಂಡರೆ, ಠಾಣೆಯಲ್ಲಿ ಬೆಲೆಯ ಪ್ರಶ್ನೆ ಬಂದಾಗಲೂ, ಸಿಕ್ಕ ಗಾಡಿ ಯಾರದೆಂಬ ಪ್ರಶ್ನೆ ಬಂದಾಗಲೂ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.