ಗೊಬ್ಬರದ ಮಣ್ಣಲ್ಲಿ ಸಿಕ್ಕ ಕ್ಷಯದ ಮದ್ದು

1943ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23 ವರ್ಷದ ಸಂಶೋಧನಾ ವಿದ್ಯಾರ್ಥಿ ಹಗಲಿರುಳು ದುಡಿಯುತ್ತಿದ್ದರು. ರಾತ್ರಿ ಮಲಗುತ್ತಿದ್ದುದೂ ಅಲ್ಲೇ. ಭಟ್ಟಿ ಇಳಿಸುವ ಫ್ಲಾಸ್ಕಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ದ್ರವ ಅದರಿಂದ ಕೆಳಗಿಳಿದರೆ ಎಬ್ಬಿಸಲು ಕಾವಲುಗಾರನಿಗೆ ಹೇಳಿಡುತ್ತಿದ್ದರು.

ಅವರು ಬೆಳೆಸುತ್ತಿದ್ದದ್ದು ಸ್ಟ್ರೆಪ್ಟೋಮೈಸಿಸ್ ಗ್ರೀಸಿಯಸ್. ಅದರ ಒಂದು ತಳಿ ಸಿಕ್ಕಿದ್ದು ದಂಡಿಯಾಗಿ ಗೊಬ್ಬರ ಉಂಡ ಹೊಲದ ಮಣ್ಣಿನಲ್ಲಿ, ಇನ್ನೊಂದು ಕೋಳಿಯ ಗಂಟಲಲ್ಲಿ. ಬ್ಯಾಕ್ಟೀರಿಯಾ ಆದರೂ ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಹಬ್ಬಿ ಬೀಜಕಗಳನ್ನು ಬಿಡುವ ಜೀವಿ ಇದು. ಹಸಿಮಣ್ಣಿನ ವಾಸನೆಗೂ ಬಹುಮಟ್ಟಿಗೆ ಇದರ ಬಳಗವೇ ಕಾರಣ. ಪೆನಿಸಿಲಿನ್‌ಗೆ ಜಗ್ಗದ ಕ್ಷಯದ ರೋಗಾಣು ಇದರಿಂದ ಬಂದ ಸ್ಟ್ರೆಪ್ಟೋಮೈಸಿನ್‌ಗೆ ಮಣಿಯಿತು. ರೋಗಾಣುವಿನ ರೈಬೋಸೋಮಿಗೆ ಅಂಟಿಕೊಳ್ಳುವ ಈ ಮದ್ದು, ಅದು ಪ್ರೋಟೀನನ್ನು ತಪ್ಪುತಪ್ಪಾಗಿ ಕಟ್ಟುವಂತೆ ಮಾಡುತ್ತದೆ.

1952ರ ನೊಬೆಲ್ ಮಾತ್ರ ಶಾಟ್ಜ್ ಅವರ ಗುರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಶಾಟ್ಜ್ ಮೊಕದ್ದಮೆ ಹೂಡಿ, ಸಹಶೋಧಕ ಎಂಬ ಮನ್ನಣೆಯನ್ನು ಅದಕ್ಕೂ ಮೊದಲೇ ಪಡೆದಿದ್ದರು. ಆದರೂ ನೊಬೆಲ್‌ನಲ್ಲಿ ಅವರನ್ನು ಕೈಬಿಟ್ಟದ್ದು ಅನ್ಯಾಯವೇ ಸರಿ.

ಮದ್ದಿಗೂ ಬೇಗ ಪೆಟ್ಟು ಬಿತ್ತು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲಿ, ಸ್ಟ್ರೆಪ್ಟೋಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು ನಾಲ್ವರು. ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಆದರೆ ಮದ್ದು ಪಡೆದ ಅನೇಕರಲ್ಲಿ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಒಗ್ಗಿಹೋಗಿತ್ತು. ಕ್ಷಯಕ್ಕೆ ಒಂದೇ ಮದ್ದು ಸಾಲದು, ಹಲವನ್ನು ಕೂಡಿಸಿ ಕೊಡಬೇಕು ಎಂಬುದು ವೈದ್ಯರಿಗೆ ಗೊತ್ತಾದದ್ದು ಹೀಗೆ.

ಇಂಥ ಮದ್ದು ನಮ್ಮಲ್ಲಿ ಕೃಷಿ ಔಷಧಿ ಅಂಗಡಿಯ ಆರು ಗ್ರಾಮಿನ ಪ್ಯಾಕೆಟ್ಟಿನಲ್ಲೂ ಇದೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಉಳಿದದ್ದು ಟೆಟ್ರಾಸೈಕ್ಲಿನ್. ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ತೋಟಗಳಲ್ಲಿ ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆ ಮೂಡಿ, ಕಾಯಿ ಸೀಳತೊಡಗಿದರೆ ದುಂಡಾಣು ಅಂಗಮಾರಿ ಬಂತೆಂದು ಲೆಕ್ಕ. ಕೈಗೆ ಬರುವ ಫಸಲು ಕಣ್ಣೆದುರೇ ಹಾಳಾಗುವಾಗ ರೈತ ಆ ಪ್ಯಾಕೆಟ್ಟಿಗೆ ಕೈಹಾಕುವುದು ಸಹಜ. ಆದರೆ ಸಿಂಪಡಿಸಿದ್ದು ಎಲೆಯ ಮೇಲಷ್ಟೇ ನಿಲ್ಲುವುದಿಲ್ಲ. ನೆಲಕ್ಕೂ ನೀರಿಗೂ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ನಿರೋಧಕತೆ ಕಲಿಸುತ್ತದೆ.

ಬೆಳೆಗೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್‌ಗಳ ಬಳಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ಆದೇಶದ ಮಾತು ಹಾಗಿರಲಿ, ಬೆಳೆಗಾರರು ಮನಸ್ಸು ಮಾಡಬೇಕು. ಚಾಟನಿ ಮಾಡುವಾಗ ಗಿಡದಿಂದ ಗಿಡಕ್ಕೆ ಕತ್ತರಿ ಶುದ್ಧ ಮಾಡಿಕೊಳ್ಳಿ, ರೋಗ ತಗಲಿದ ರೆಂಬೆ, ಕಾಯಿಗಳನ್ನು ಆಯ್ದು ತೋಟದಾಚೆ ಸುಟ್ಟುಬಿಡಿ, ಆ ಪ್ಯಾಕೆಟ್ಟನ್ನು ದಯವಿಟ್ಟು ಕೊಳ್ಳಬೇಡಿ.