ಟೈರ್ ಹೊಸದು, ಗಾಡಿ ಎಡಕ್ಕೆ ಎಳೀತಿದೆ, ಬಿಲ್ ಮಾತ್ರ ಡ್ರೈವರ್ ತಲೆಗೆ

ಭಾಗ 1/8
ಹೊಸ ಟೈರ್ ಹಾಕ್ಸಿದ ಮೇಲೆ ಗಾಡಿ ಒಂದು ಕಡೆಗೆ ಎಳೀತಿದೆ ಅಂತ ಅಂಗಡಿಗೆ ವಾಪಸ್ ಹೋಗಿ ನೋಡಿ. ಮೂರೇ ಉತ್ತರ. "ಹೊಸ ಟೈರ್ ಅಲ್ವಾ ಅಣ್ಣಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ." ಇಲ್ಲಾಂದ್ರೆ, "ಅಲೈನ್‌ಮೆಂಟ್ ಮಾಡಿಸ್ಬಿಡಿ." ಅದೂ ಆಗ್ಲಿಲ್ಲ ಅಂದ್ರೆ, "ನೀವು ಸ್ಟೇರಿಂಗ್ ಹಿಡಿಯೋದೇ ಹಂಗೆ."

ಮೂರು ಉತ್ತರ ಕೊಟ್ಟವರೂ ಗಾಡಿ ಹತ್ರ ಬಂದು ಬಗ್ಗಿ ನೋಡಿರಲ್ಲ. ಕಾರಣ ಹುಡುಕದೆ ಬಿಲ್ ಹಾಕೋದಕ್ಕೆ ರಿಪೇರಿ ಅಂತ ಯಾಕೆ ಕರೀಬೇಕು? ಹುಡುಕೋಕೆ ಬೇಕಾಗಿರೋದು ಒಂದು ಗಾಳಿ ಮೀಟರ್, ಒಂದು ಜಾಕು, ಸ್ವಲ್ಪ ತಾಳ್ಮೆ. ಅಷ್ಟೂ ಮಾಡದವರ ಮೇಲೆ ಈ ಸರಣಿ. ಪೂರ್ತಿ ಓದಿ.

ಭಾಗ 2/8
ನಮ್ಮ ಮಾವ 407 ಓಡಿಸ್ತಾರೆ. ಮದ್ದೂರಿಂದ ಬೆಂಗಳೂರಿಗೆ ಎಳನೀರು ಲೋಡು. ನೈಲಾನ್ ಟೈರ್ ತೆಗೆಸಿ ಮುಂದಕ್ಕೆ ಎರಡು ರೇಡಿಯಲ್ ಹಾಕ್ಸಿದ್ರು. ಅವತ್ತಿಂದಲೇ ಗಾಡಿ ಎಡಕ್ಕೆ. ಅಂಗಡಿಯಲ್ಲಿ ಮೂರು ಸಲ ಅಲೈನ್‌ಮೆಂಟ್, ಮೂರು ಸಲ ದುಡ್ಡು, ಎಳೆತ ಹಂಗೇ ಇತ್ತು. ಎರಡು ತಿಂಗಳು ಬಲಗೈ ಭುಜ ನೋವು ಅಂತ ಎಣ್ಣೆ ಹಚ್ಕೊಂಡು ಮಲಗ್ತಿದ್ರು.

ಆಮೇಲೆ ಒಬ್ಬ ಹಳೇ ಮೇಸ್ತ್ರಿ ಮುಂದಿನ ಎರಡು ಚಕ್ರಾನೂ ಅದಲು ಬದಲು ಮಾಡಿಸಿದ್ರು. ಗಾಡಿ ಬಲಕ್ಕೆ ಎಳೀತು. "ಟೈರಲ್ಲೇ ಇದೆ ನೋಡಪ್ಪ" ಅಂದ್ರು. ಒಂದು ರೂಪಾಯಿ ತಗೊಳ್ಳಲಿಲ್ಲ. ಕ್ಲೇಮ್‌ಗೆ ಹೋದ್ರೆ ಅಂಗಡಿಯವರು ಹೇಳಿದ್ದು: "ಇಷ್ಟೊಂದು ಸವೆದಿದೆಯಲ್ಲ, ಮೊದಲೇ ಬರ್ಬೇಕಿತ್ತು." ಮೊದಲ ವಾರವೇ ಹೋಗಿದ್ರು, ಇದೇ ಅಂಗಡಿಗೆ!

ಭಾಗ 3/8
ಮೂರು ಅಲೈನ್‌ಮೆಂಟ್ ಆದ್ರೂ ಯಾಕೆ ಸರಿ ಹೋಗ್ಲಿಲ್ಲ? 407 ಥರದ ಗಾಡೀಲಿ ಮುಂದಿನ ಆಕ್ಸಲ್ ಒಂದೇ ಗಟ್ಟಿ ಕಬ್ಬಿಣದ ತೊಲೆ, ಲೀಫ್ ಸ್ಪ್ರಿಂಗ್ ಕೆಳಗೆ ಕೂತಿರುತ್ತೆ. ಅಂಗಡೀಲಿ ಸುಲಭವಾಗಿ ತಿರುಗಿಸೋಕೆ ಆಗೋದು ಟೋ ಒಂದೇ. ಅಂದ್ರೆ ಮುಂದಿನ ಎರಡು ಚಕ್ರ ಒಂದಕ್ಕೊಂದು ಒಳಮುಖ ಇವೆಯಾ, ಹೊರಮುಖ ಇವೆಯಾ ಅನ್ನೋದು. ಟೋ ತಪ್ಪಿದ್ರೆ ಟೈರ್ ಬೇಗ ಸವೆಯುತ್ತೆ, ಸ್ಟೇರಿಂಗ್ ಸೊಟ್ಟ ನಿಲ್ಲಬಹುದು. ಗಾಡಿ ಒಂದೇ ಕಡೆಗೆ ಎಳೆಯೋದು ಸಾಮಾನ್ಯವಾಗಿ ಅದ್ರಿಂದ ಅಲ್ಲ.

ಎಳೆತಕ್ಕೆ ಸಂಬಂಧ ಇರೋದು ಕ್ಯಾಂಬರ್, ಕ್ಯಾಸ್ಟರ್ ಎರಡೂ ಕಡೆ ಬೇರೆ ಬೇರೆ ಆದಾಗ. ಇಂಥ ಗಾಡೀಲಿ ಕ್ಯಾಂಬರ್ ಆಕ್ಸಲ್ ಜೊತೆಗೇ ಬಂದಿರುತ್ತೆ. ಕ್ಯಾಸ್ಟರ್ ಬದಲಿಸ್ಬೇಕಾದ್ರೆ ಸ್ಪ್ರಿಂಗ್‌ಗೂ ಆಕ್ಸಲ್‌ಗೂ ಮಧ್ಯೆ ವೆಜ್ ಕೊಡ್ಬೇಕು. ಅದನ್ನ ಯಾರು ಮಾಡ್ತಾರೆ? ಟೋ ಮುಟ್ಟಿ, ಪ್ರಿಂಟ್ ಕೊಟ್ಟು, ದುಡ್ಡು ಇಸ್ಕೊಂಡು ಕಳಿಸ್ತಾರೆ. ಬ್ಯಾಲೆನ್ಸಿಂಗ್ ಕಥೆನೂ ಇದೇ. ಅದು ಸ್ಟೇರಿಂಗ್ ನಡುಕಕ್ಕೆ ಮದ್ದು, ಎಳೆತಕ್ಕಲ್ಲ. ಜ್ವರಕ್ಕೆ ಹಲ್ಲು ಕೀಳಿಸಿದ ಹಾಗೆ.

ಭಾಗ 4/8
ಸರಿ, ನಾವೇ ನೋಡೋಣ. ಮೊದಲು ಗಾಳಿ. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟೈರ್ ತಣ್ಣಗಿರುವಾಗ ಮುಂದಿನ ಎರಡನ್ನೂ ಒಂದೇ ಮೀಟರಲ್ಲಿ ಚೆಕ್ ಮಾಡಿ. ಗಾಳಿ ಕಮ್ಮಿ ಇರೋ ಕಡೆಗೆ ಗಾಡಿ ಎಳೆಯುತ್ತೆ.

ಆಮೇಲೆ ಎರಡು ಟೈರನ್ನೂ ಓದಿ. ಒಂದೇ ಕಂಪನಿ, ಒಂದೇ ಸೈಜು, ಒಂದೇ ಪ್ಯಾಟರ್ನ್ ಇದೆಯಾ? ಒಂದು ಹೊಸದು ಒಂದು ಸವೆದಿದ್ದು ಹಾಕಿದ್ರೂ ಎಳೆಯಬಹುದು. ಒಂದೇ ಆಕ್ಸಲ್‌ಗೆ ಒಂದು ನೈಲಾನ್, ಒಂದು ರೇಡಿಯಲ್ ಹಾಕೋದಂತೂ ತಪ್ಪೇ ತಪ್ಪು. "ಸ್ಟಾಕಲ್ಲಿ ಒಂದೇ ಇತ್ತು ಅಣ್ಣಾ" ಅಂತ ಹಾಕಿ ಕಳ್ಸೋರಿದ್ದಾರೆ. ಒಪ್ಕೋಬೇಡಿ.

ಭಾಗ 5/8
ಎರಡನೇದು ರಸ್ತೆ ಮತ್ತು ಬ್ರೇಕ್. ಮಳೆ ನೀರು ಹರಿದು ಹೋಗ್ಲಿ ಅಂತ ನಮ್ಮ ರಸ್ತೆಗಳು ಸಾಮಾನ್ಯವಾಗಿ ಅಂಚಿಗೆ ಇಳಿಜಾರು. ನಾವು ಎಡಗಡೆ ಓಡಿಸ್ತೀವಿ, ಹಾಗಾಗಿ ನಿಧಾನಕ್ಕೆ ಎಡಕ್ಕೆ ವಾಲೋದು ರೋಗ ಅಲ್ಲ. ಟ್ರಾಫಿಕ್ ಇಲ್ಲದ ಸಮತಟ್ಟು ಜಾಗದಲ್ಲಿ ನೋಡಿ. ಅಲ್ಲೂ ಎಳೆದ್ರೆ ಮಾತ್ರ ಮುಂದಿನ ಹೆಜ್ಜೆ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದ್ರೆ ಟೈರ್ ಅಂಗಡಿ ಬಿಡಿ, ಮೊದಲು ಬ್ರೇಕ್ ಮೇಸ್ತ್ರಿ ಹತ್ರ ಹೋಗಿ. ಬ್ರೇಕ್ ಒತ್ತದೇ ಇದ್ರೂ ಒಂದು ಕಡೆ ಹಿಡ್ಕೊಂಡೇ ಇರಬಹುದು. ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಡ್ರಮ್ ಹತ್ರ ಕೈ ತಂದು ಕಾವು ನೋಡಿ. ಮುಟ್ಟಬೇಡಿ, ಸುಡುತ್ತೆ. ಒಂದು ಕಡೆ ಜಾಸ್ತಿ ಕಾವಿದ್ದು ಗಾಡಿ ಆ ಕಡೆಗೇ ಎಳೀತಿದ್ರೆ ಕಳ್ಳ ಬಹುಶಃ ಸಿಕ್ಕಿದ.

ಭಾಗ 6/8
ಮೂರನೇದು ನಮ್ಮ ಮೇಸ್ತ್ರಿ ಮಾಡಿದ್ದು. ಟೀ ಅಂಗಡಿ ಪೇಪರ್ ಲೋಟ ಮಲಗಿಸಿ ಉರುಳಿಸಿ ನೋಡಿ. ನೇರ ಹೋಗಲ್ಲ, ಸುತ್ತು ಹೊಡೆಯುತ್ತೆ. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ರೇಡಿಯಲ್ ಟೈರ್ ಒಳಗಿನ ಬೆಲ್ಟ್ ತಯಾರಾಗುವಾಗ ಸ್ವಲ್ಪ ಪಕ್ಕಕ್ಕೆ ಸರಿದು ಕೂತ್ರೆ ಟೈರೂ ಹಾಗೇ ಉರುಳುತ್ತೆ. ಕಣ್ಣಿಗೆ ಕಾಣಲ್ಲ.

ಗಾಡಿ ಸಮತಟ್ಟಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಜೊತೆ ಸ್ಟ್ಯಾಂಡ್ ಇಟ್ಟು ಮುಂದಿನ ಎಡ ಬಲ ಚಕ್ರ ಬದಲಿಸಿ. ಪಕ್ಕದಲ್ಲಿ ತಿರುಗೋ ದಿಕ್ಕಿನ ಬಾಣ ಇರೋ ಟೈರ್ ಆದ್ರೆ ಹೀಗೆ ಬದಲಿಸ್ಬೇಡಿ. ನಟ್ಟು ಎದುರು ಬದುರು ಬಿಗಿ ಮಾಡಿ, 50-100 ಕಿ.ಮೀ. ಆದ್ಮೇಲೆ ಇನ್ನೊಮ್ಮೆ ನೋಡಿ.

ಎಳೆತ ಇನ್ನೊಂದು ಕಡೆಗೆ ತಿರುಗಿದ್ರೆ ದೋಷ ಟೈರಲ್ಲಿದೆ. ಎರಡರಲ್ಲಿ ಯಾವುದು? ಅದೇ ಸೈಜಿನ, ಅದೇ ಥರದ ಒಳ್ಳೇ ಸ್ಟೆಪ್ನಿ ಇದ್ರೆ ಒಂದೊಂದರ ಜಾಗಕ್ಕೆ ಹಾಕಿ ನೋಡಿ.

ಭಾಗ 7/8
ಅದೇ ಕಡೆಗೆ ಎಳೀತಾನೇ ಇದ್ರೆ ಕಾರಣ ಗಾಡೀಲಿದೆ. ಆಗ ಕಿಂಗ್ ಪಿನ್, ಬೇರಿಂಗ್ ಆಟ ನೋಡ್ಸಿ. ಹಿಂದಿನ ಆಕ್ಸಲ್ ಸೆಂಟರ್ ಬೋಲ್ಟ್ ಕಟ್ ಆಗಿ, ಯು ಬೋಲ್ಟ್ ಸಡಿಲಾಗಿ ಆಕ್ಸಲ್ ಜರುಗಿರಬಹುದು. ಸ್ಟೇರಿಂಗ್ ನೇರ ಇಟ್ಟು, ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಎರಡೂ ಕಡೆ ಟೇಪ್ ಹಿಡಿದು ಅಳೀರಿ. ವ್ಯತ್ಯಾಸ ಇದ್ರೆ ಆಕ್ಸಲ್ ಜರುಗಿರೋ ಅನುಮಾನ ಇದೆ. ಆಮೇಲೆ ಅಲೈನ್‌ಮೆಂಟ್. ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಕೇಳಿ.

ಅಂಗಡಿಯವರು ಹೇಳೋದ್ರಲ್ಲಿ ನ್ಯಾಯ ಇಲ್ವಾ? ಇದೆ. ಹೊಸ ಟೈರ್ ಹಾಕಿದಾಗ ಟೋ ನೋಡ್ಸೋದು ಒಳ್ಳೇದೇ, ಟೈರ್ ಬಾಳಿಕೆ ಬರುತ್ತೆ. ಜಾಕ್ ಹಾಕಿ ಚಕ್ರ ಬದಲಿಸೋ ಹುಡುಗನಿಗೂ ಕೂಲಿ ಬೇಕು. ಹಾಗಿದ್ರೆ ಆ ಕೂಲಿ ಕೇಳಿ, ಕೊಡ್ತೀವಿ. ಮೂರು ಸಲ ಬೇಡದ ಕೆಲಸಕ್ಕೆ ಕೊಟ್ಟವರು ಬೇಕಾದ ಕೆಲಸಕ್ಕೆ ಒಂದು ಸಲ ಕೊಡಲ್ವಾ?

ಭಾಗ 8/8
ಈಗ ನಾನು ಓದೋ ಬಿಕಾಂ ಲೆಕ್ಕ. ಟೈರ್ ವಾರಂಟಿ ಸಾಮಾನ್ಯವಾಗಿ ಸವೆತ ಕಳೆದು ಉಳಿದಿದ್ದಕ್ಕೆ ಸಿಗೋದು, ನಮ್ಮ ಡೆಪ್ರಿಸಿಯೇಷನ್ ಇದ್ದ ಹಾಗೆ. "ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅನ್ನೋ ಮಾತಿನ ಬೆಲೆ ಇಲ್ಲಿದೆ. ಓಡಿದ ಒಂದೊಂದು ಕಿಲೋಮೀಟರೂ ನಿಮ್ಮ ಕ್ಲೇಮಿಂದ ಕಳೆಯುತ್ತೆ. ಹಾಗಾಗಿ ಬಿಲ್ಲಲ್ಲಿ ಟೈರ್ ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ಎಳೆತ ಕಂಡ ವಾರವೇ ಲಿಖಿತದಲ್ಲಿ ದೂರು ಕೊಡಿ, ವಾಟ್ಸಾಪ್ ಆದ್ರೂ ಸರಿ.

"ಕಮರ್ಷಿಯಲ್ ಗಾಡಿ, ಗ್ರಾಹಕರ ಕಾನೂನು ನಿಮಗಿಲ್ಲ" ಅಂತ ಹೆದರಿಸಿದ್ರೆ ಹೀಗೆ ಹೇಳಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಕೊಂಡಿದ್ರೆ ಅವನೂ ಗ್ರಾಹಕನೇ. ಒಂದೇ ಗಾಡಿ ಇಟ್ಕೊಂಡು ತಾನೇ ಓಡಿಸೋ ಅಣ್ಣಂದಿರಿಗೆ ಈ ಮಾತು ಅನ್ವಯಿಸುತ್ತೆ. ಜಿಲ್ಲಾ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ.

ಟೈರ್ ಅಂಗಡಿ ಅಣ್ಣಂದಿರಿಗೆ ನನ್ನದು ಒಂದೇ ಬೇಡಿಕೆ: ಬಿಲ್ ಬುಕ್ ತೆಗೆಯೋ ಮುಂಚೆ ಜಾಕ್ ತೆಗೀರಿ.

ಸೇವ್ ಮಾಡ್ಕೊಳ್ಳಿ. ನಿಮ್ಮ ಮನೇಲಿ ಸ್ಟೇರಿಂಗ್ ಹಿಡಿಯೋರು ಯಾರಿದ್ದಾರೋ ಅವರಿಗೆ ಕಳಿಸಿ.

#ಲಾರಿಡ್ರೈವರ್ #407 #ಟೈರ್ #ಮಂಡ್ಯ #ಗ್ರಾಹಕರಹಕ್ಕು #ಕನ್ನಡ